ಕ್ರಿಸ್ತ ಜಯಂತಿಯಲ್ಲಿ ಮೌನವೂ ಸ್ತುತಿಯೂ

(ಶತಮಾನೋತ್ಸವದ ಅಂಗವಾಗಿ ಆಗಮನ ಕಾಲದಲ್ಲಿ ಏರ್ಪಡಿಸಿದ್ದ ಧ್ಯಾನಕೂಟದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ಈ ದೇವಾಲಯದಲ್ಲಿ ನಿಂತು ಕ್ರಿಸ್ತ ಜಯಂತಿಯನ್ನು ಕುರಿತು ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತುದು ನನ್ನ ಭಾಗ್ಯ. ಒಂದು ದೇವಾಲಯ ನೂರು ವರ್ಷ ಬಾಳಿತೆಂದರೆ, ಅದರ ಗೋಡೆಗಳು ಮೂರು ನಾಲ್ಕು ತಲೆಮಾರುಗಳ ಕ್ರಿಸ್ತ ಜಯಂತಿಯ ಹಾಡುಗಳನ್ನು ಕೇಳಿವೆ ಎಂದರ್ಥ. ಹಾಡಿನ ನಡುನಡುವೆ ಮೊಣಕಾಲೂರಿದವರ ನಿಟ್ಟುಸಿರನ್ನೂ ಅವು ಕೇಳಿವೆ. ಈ ಎರಡರಲ್ಲಿ ಯಾವುದು ಹಬ್ಬ? ಹಾಡೋ, ಮೌನವೋ? ಈ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಹಬ್ಬ ಮುಗಿದ ಮರುದಿನ ಯಾವ ಧರ್ಮಕೇಂದ್ರಕ್ಕೆ ಹೋದರೂ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. “ಈಗಿನ ಹಬ್ಬದಲ್ಲಿ ಭಕ್ತಿ ಎಲ್ಲಿದೆ? ಬರೀ ಗದ್ದಲ. ಪರಮ ಪ್ರಸಾದ ಸ್ವೀಕರಿಸಿ ಬಂದು ಕಣ್ಮುಚ್ಚಿ ಕುಳಿತುಕೊಳ್ಳಲೂ ಬಿಡುವುದಿಲ್ಲ” ಎಂಬುದು ಹಿರಿಯರ ಮಾತು. “ಪೂಜೆಯಲ್ಲಿ ಜೀವವೇ ಇಲ್ಲ. ಕೈತಟ್ಟಿದರೆ ಗದರುತ್ತಾರೆ. ರಕ್ಷಕರು ಹುಟ್ಟಿದ ದಿನವೂ ನಗಬಾರದೇ?” ಎಂಬುದು ತರುಣರ ಮಾತು. ಕೆಲವೆಡೆ ಈ ಮಾತು ಮನಸ್ತಾಪಕ್ಕೆ ತಿರುಗುತ್ತದೆ. ಒಂದು ಗಾನವೃಂದ ಎರಡಾಗುತ್ತದೆ. ಶಾಂತಿಯ ಪ್ರಭುವಿನ ಹುಟ್ಟುಹಬ್ಬವನ್ನು ಹೇಗೆ ಆಚರಿಸಬೇಕೆಂಬ ವಿಷಯದಲ್ಲೇ ನಮ್ಮಲ್ಲಿ ಶಾಂತಿ ಕದಡುತ್ತದೆ. ಆದುದರಿಂದ ಯಾರ ಪಕ್ಷವನ್ನೂ ವಹಿಸದೆ, ಮೊದಲ ಕ್ರಿಸ್ತ ಜಯಂತಿಯಂದು ಏನು ನಡೆಯಿತೆಂಬುದನ್ನು ಶುಭಸಂದೇಶದಲ್ಲಿಯೇ ನೋಡೋಣ.

ಸಂತ ಲೂಕರು ಬರೆದ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆಯಿರಿ. ದೇವದೂತರು ಹಾಡಿ ಹೋದ ಮೇಲೆ ಕುರಿಗಾಹಿಗಳು ಅವಸರದಿಂದ ಬೆತ್ಲೆಹೇಮಿಗೆ ಬಂದರು. ಮರಿಯಮ್ಮನವರನ್ನೂ ಜೋಸೆಫರನ್ನೂ ಗೋದಲಿಯಲ್ಲಿ ಮಲಗಿದ್ದ ಶಿಶುವನ್ನೂ ಕಂಡರು. ತಮಗೆ ತಿಳಿಸಲಾದುದನ್ನು ಎಲ್ಲರಿಗೂ ಹೇಳಿದರು. ಇದಾದ ಮೇಲೆ ಸಂತ ಲೂಕರು 18, 19 ಮತ್ತು 20ನೆಯ ವಚನಗಳಲ್ಲಿ ಮೂರು ಬಗೆಯ ಜನರನ್ನು ನಮಗೆ ತೋರಿಸುತ್ತಾರೆ. ಕುರಿಗಾಹಿಗಳ ಮಾತನ್ನು ಕೇಳಿದವರೆಲ್ಲರೂ ಬೆರಗಾದರು. ಮರಿಯಮ್ಮನವರು ಆ ಸಂಗತಿಗಳನ್ನೆಲ್ಲ ಹೃದಯದಲ್ಲಿರಿಸಿಕೊಂಡು ಮನನ ಮಾಡುತ್ತಿದ್ದರು. ಕುರಿಗಾಹಿಗಳು ದೇವರನ್ನು ಕೊಂಡಾಡುತ್ತ, ಹೊಗಳುತ್ತ ಹಿಂದಿರುಗಿದರು.

ಈ ಮೂರು ವಚನಗಳನ್ನು ನಮ್ಮಲ್ಲಿ ಅನೇಕರು ಹಬ್ಬದ ದಿನ ಕೇಳಿಯೇ ಇರುವುದಿಲ್ಲ. ಅದಕ್ಕೆ ಕಾರಣವುಂಟು. ಕ್ರಿಸ್ತ ಜಯಂತಿಗೆ ಧರ್ಮಸಭೆ ರಾತ್ರಿಯ ಪೂಜೆ, ಮುಂಜಾನೆಯ ಪೂಜೆ, ಹಗಲಿನ ಪೂಜೆ ಎಂದು ಬೇರೆಬೇರೆ ಪೂಜೆಗಳನ್ನು ವಿಧಿಸಿದೆ. ರಾತ್ರಿಯ ಪೂಜೆಯ ಶುಭಸಂದೇಶ ದೇವದೂತರ ಹಾಡಿನೊಂದಿಗೆ ನಿಂತುಬಿಡುತ್ತದೆ. ಕುರಿಗಾಹಿಗಳು ಬಂದುದು, ಮಾತೆ ಮನನ ಮಾಡಿದುದು ಮುಂಜಾನೆಯ ಪೂಜೆಯ ವಾಚನ. ರಾತ್ರಿಯ ಪೂಜೆ ಮುಗಿಸಿ ಮನೆಗೆ ಹೋಗಿ ಮಲಗಿದವರಿಗೆ ಕಥೆಯ ಅರ್ಧ ಉಳಿದೇ ಹೋಗುತ್ತದೆ. ತಾಯಿಯಾದ ಧರ್ಮಸಭೆ ಅದನ್ನು ಅಷ್ಟಕ್ಕೇ ಬಿಡುವುದಿಲ್ಲ. ಎಂಟನೆಯ ದಿನ, ಅಂದರೆ ಜನವರಿ 1ರಂದು, ದೇವಮಾತೆಯ ಮಹೋತ್ಸವದಲ್ಲಿ ಅದೇ ಭಾಗವನ್ನು ಮತ್ತೆ ಓದಿಸುತ್ತದೆ. ಹಾಡು ಕೇಳಿದ ಮೇಲೆ ಎಂಟು ದಿನ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿ ಎಂದು ಹೇಳುವಂತಿದೆ ಈ ಕ್ರಮ.

ಮನನ ಎಂದೆನಲ್ಲ, ಆ ಮಾತಿನ ಬಳಿ ಕ್ಷಣಕಾಲ ನಿಲ್ಲೋಣ. ಸಂತ ಲೂಕರು ಗ್ರೀಕ್ ಭಾಷೆಯಲ್ಲಿ ಬಳಸಿರುವ ಶಬ್ದ ‘ಸುಂಬಾಲ್ಲೂಸ’. ಬಿಡಿಬಿಡಿಯಾದುದನ್ನು ಒಂದೆಡೆ ತಂದು ಜೋಡಿಸುವುದು ಎಂದು ಅದರ ಮೂಲಾರ್ಥ. ಮರಿಯಮ್ಮನವರ ಮುಂದೆ ಅಂದು ಇದ್ದುದೇನು? ಉನ್ನತರಾದ ದೇವರ ಪುತ್ರ ಹುಟ್ಟುವನೆಂದು ದೇವದೂತ ಗಬ್ರಿಯೇಲರು ಹೇಳಿದ್ದ ಮಾತು ಒಂದು ಕಡೆ. ಛತ್ರದಲ್ಲಿ ಸ್ಥಳವಿಲ್ಲದೆ ದನಕರುಗಳ ಗೋದಲಿಯಲ್ಲಿ ಮಲಗಿಸಬೇಕಾದ ಶಿಶು ಇನ್ನೊಂದು ಕಡೆ. ಈ ಎರಡೂ ಹೊಂದುವುದು ಹೇಗೆ? ಆ ತಾಯಿ ಯಾರನ್ನೂ ದೂರಲಿಲ್ಲ, ಅರ್ಥವಾಯಿತೆಂದು ನಟಿಸಲೂ ಇಲ್ಲ. ಎರಡನ್ನೂ ಹೃದಯದಲ್ಲಿಟ್ಟು ಜೋಡಿಸುತ್ತಿದ್ದರು. ಹನ್ನೆರಡು ವರ್ಷಗಳ ತರುವಾಯ ಬಾಲಯೇಸು ಜೆರುಸಲೇಮಿನ ಮಹಾದೇವಾಲಯದಲ್ಲಿ ಉಳಿದುಕೊಂಡಾಗಲೂ ಅವರು ಹಾಗೆಯೇ ಮಾಡಿದರೆಂದು ಸಂತ ಲೂಕರು ಹೇಳುತ್ತಾರೆ. ನಿಜವಾದ ಮೌನವೆಂದರೆ ಇದು. ಬಾಯಿ ಮುಚ್ಚಿಕೊಂಡು ಮನಸ್ಸು ಅಂಗಡಿಬೀದಿಯಲ್ಲಿ ಅಲೆದರೆ ಅದು ಮೌನವಲ್ಲ. ದೇವರು ನಮಗೆ ಮಾಡಿದುದನ್ನು, ನಮಗೆ ಅರ್ಥವಾಗದೆ ಉಳಿದುದನ್ನು ಅವರ ಸನ್ನಿಧಿಯಲ್ಲಿ ಜೋಡಿಸಿ ನೋಡುವುದೇ ಮೌನ.

ಹಾಗಾದರೆ ಮರಿಯಮ್ಮನವರು ಮೌನದ ಪಕ್ಷ, ಕುರಿಗಾಹಿಗಳು ಹಾಡಿನ ಪಕ್ಷವೇ? ಇಲ್ಲ. ತುಸು ಹಿಂದಕ್ಕೆ ಹೋಗಿ ನೋಡಿ. ಆ ಕುರಿಗಾಹಿಗಳು ಯಾರು? ಹೊಲದಲ್ಲಿ ತಂಗಿ ಇರುಳೆಲ್ಲ ಎಚ್ಚರವಿದ್ದು ಮಂದೆಯನ್ನು ಕಾಯುತ್ತಿದ್ದವರು. ರಾತ್ರಿ ಕಾವಲಿನವನಿಗೆ ಮೌನ ಹೊಸದಲ್ಲ. ಹೊಲದ ಕಾವಲಿಗೆ ಮಂಚಿಕೆಯ ಮೇಲೆ ಮಲಗಿದವರಿಗೆ ಇದು ಗೊತ್ತು: ಕತ್ತಲೆಯಲ್ಲಿ ಒಂದು ಕಡ್ಡಿ ಮುರಿದರೂ ಕಿವಿ ನಿಮಿರುತ್ತದೆ. ಅಂತಹ ಕಿವಿಗಳಿಗೆ ದೇವದೂತರ ಹಾಡು ಕೇಳಿಸಿತು. ಊರೊಳಗೆ ಜನಗಣತಿಗೆಂದು ಬಂದು ಕಿಕ್ಕಿರಿದಿದ್ದವರಿಗೆ ಅದು ಕೇಳಿಸಿದಂತೆ ಶುಭಸಂದೇಶ ಹೇಳುವುದಿಲ್ಲ. ಇನ್ನು ಮರಿಯಮ್ಮನವರೋ, ಬೆತ್ಲೆಹೇಮಿಗೆ ಬರುವ ಮೊದಲೇ ಹಾಡಿದ್ದವರು. ಜುದೇಯದ ಬೆಟ್ಟಗಳ ನಾಡಿನಲ್ಲಿ ಎಲಿಜಬೇತಮ್ಮನವರ ಮನೆಯ ಹೊಸ್ತಿಲಲ್ಲಿ ಅವರ ಸ್ತುತಿಗೀತೆ ಉಕ್ಕಿ ಹರಿದಿತ್ತು. ಹಾಡಿದ ಕುರಿಗಾಹಿಗಳ ಹಿಂದೆ ಒಂದು ಮೌನವಿತ್ತು. ಮೌನವಾಗಿದ್ದ ಮಾತೆಯ ಹಿಂದೆ ಒಂದು ಹಾಡಿತ್ತು. ಒಂದನ್ನು ಮಾತ್ರ ಬಲ್ಲವರು ಗೋದಲಿಯ ಬಳಿ ಯಾರೂ ಇರಲಿಲ್ಲ.

ನಮ್ಮ ಹಿರಿಯರು ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದರು. ಅರ್ಧ ತುಂಬಿದ ಕೊಡವನ್ನು ಹೊತ್ತವಳ ಸೆರಗು ನೆನೆಯುತ್ತದೆ, ಮನೆಗೆ ಬರುವ ಹೊತ್ತಿಗೆ ಇದ್ದ ನೀರೂ ಕಡಿಮೆಯಾಗಿರುತ್ತದೆ. ಆದರೆ ನೀರು ಹೊರಗೆ ಬರುವ ಇನ್ನೊಂದು ಬಗೆಯುಂಟು. ಮಳೆಗಾಲದಲ್ಲಿ ಕೆರೆ ತುಂಬುತ್ತದೆ. ಹಳ್ಳಕೊಳ್ಳಗಳಿಂದ ಬಂದ ನೀರನ್ನೆಲ್ಲ ಅದು ಸದ್ದಿಲ್ಲದೆ ಒಳಗಿರಿಸಿಕೊಳ್ಳುತ್ತದೆ. ತುಂಬಿದ ಮೇಲೆ ಒಂದು ದಿನ ಕೋಡಿ ಬೀಳುತ್ತದೆ. ಆಗ ಅದರ ಸದ್ದು ಊರಿಗೆಲ್ಲ ಕೇಳಿಸುತ್ತದೆ, ಜನ ನೋಡಲು ಓಡುತ್ತಾರೆ, ಹರಿದ ನೀರು ಮುಂದಿನ ಕೆರೆಯನ್ನು ತುಂಬಿಸುತ್ತದೆ. ತುಳುಕುವುದಕ್ಕೂ ಕೋಡಿ ಹರಿಯುವುದಕ್ಕೂ ಇರುವ ವ್ಯತ್ಯಾಸವೇ ಗದ್ದಲಕ್ಕೂ ಸ್ತುತಿಗೂ ಇರುವ ವ್ಯತ್ಯಾಸ. ಹೃದಯ ಬರಿದಾಗಿದ್ದಾಗ ಬರುವ ಸದ್ದು ಗದ್ದಲ. ಹೃದಯ ತುಂಬಿದಾಗ ತಡೆಯಲಾರದೆ ಹೊರಹೊಮ್ಮುವುದು ಸ್ತುತಿ. ಕೋಡಿಯೇ ಬೀಳದಂತೆ ಕಟ್ಟಿಹಾಕಿದರೆ ಏನಾಗುತ್ತದೆಂಬುದೂ ರೈತರಿಗೆ ಗೊತ್ತು. ನೀರು ಏರಿಯನ್ನೇ ಒಡೆಯುತ್ತದೆ. ಹಾಡಲು ಬಿಡದ ಭಕ್ತಿಗೂ ಆ ಅಪಾಯವುಂಟು.

ಕೆರೆ ತುಂಬಲು ಎಷ್ಟು ಕಾಲ ಬೇಕೆಂಬುದನ್ನು ತಿಳಿಯಬೇಕಾದರೆ ಜಕರೀಯರನ್ನು ನೋಡಬೇಕು. ಅವರು ಯಾಜಕರು. ಮಹಾದೇವಾಲಯದಲ್ಲಿ ಧೂಪಾರತಿ ಸಲ್ಲಿಸುವ ಸರದಿ ಬಂದಾಗ ದೇವದೂತರ ಮಾತನ್ನು ನಂಬದೆ ಹೋದರು, ಮೂಕರಾದರು. ಹೊರಗೆ ಕಾದಿದ್ದ ಜನರಿಗೆ ಕೈಸನ್ನೆಯಲ್ಲದೆ ಒಂದು ಮಾತನ್ನೂ ಆಡಲಾಗಲಿಲ್ಲ. ಮಗು ಹುಟ್ಟುವವರೆಗಿನ ಆ ತಿಂಗಳುಗಳೆಲ್ಲ ಅವರ ಪಾಲಿಗೆ ಮೌನ, ಅದೂ ತಾವಾಗಿ ಬಯಸದ ಮೌನ. ಮಗುವಿಗೆ ನಾಮಕರಣ ಮಾಡುವ ದಿನ ಹಲಗೆಯ ಮೇಲೆ ಯೊವಾನ್ನ ಎಂದು ಬರೆದುಕೊಟ್ಟರು, ನಾಲಗೆ ಸಡಿಲವಾಯಿತು. ಅಷ್ಟು ಕಾಲ ಮಾತನಾಡದಿದ್ದ ಮನುಷ್ಯ ಮೊದಲು ಆಡಿದ ಮಾತು ಯಾವುದು? ತಮ್ಮ ಕಷ್ಟವನ್ನು ಹೇಳಿಕೊಂಡರೇ? ನೆರೆಹೊರೆಯವರನ್ನು ವಿಚಾರಿಸಿಕೊಂಡರೇ? ಇಲ್ಲ, ದೇವರನ್ನು ಸ್ತುತಿಸಿದರು. ಆ ಸ್ತುತಿಗೀತೆಯನ್ನು ಧರ್ಮಸಭೆ ಇಂದಿಗೂ ಪ್ರತಿದಿನ ಬೆಳಗಿನ ಪ್ರಾರ್ಥನಾವಿಧಿಯಲ್ಲಿ ಹಾಡುತ್ತದೆ. ಮರಿಯಮ್ಮನವರ ಗೀತೆಯನ್ನು ಸಂಜೆ ಹಾಡುತ್ತದೆ. ಮಹಾದೇವಾಲಯದಲ್ಲಿ ಶಿಶುವಿಗಾಗಿ ಕಾದು ಕಾದು ಕಂಡ ವೃದ್ಧ ಸಿಮೆಯೋನರ ಗೀತೆಯನ್ನು ಮಲಗುವ ಮುನ್ನ ಹಾಡುತ್ತದೆ. ಈ ಮೂರೂ ದೀರ್ಘಕಾಲ ಕಾದವರ ಬಾಯಿಂದ ಬಂದ ಹಾಡುಗಳೆಂಬುದನ್ನು ಗಮನಿಸಿ.

ಬಯಸದ ಮೌನ ಹೇಗಿರುತ್ತದೆಂಬುದನ್ನು ನಾವೂ ಕಂಡಿದ್ದೇವೆ. 2020ರಲ್ಲಿ ಕೊರೋನಾ ಸಾಂಕ್ರಾಮಿಕ ಹರಡಿದಾಗ ನಾಡಿನ ದೇವಾಲಯಗಳ ಬಾಗಿಲು ಮುಚ್ಚಿದವು. ಪುನರುತ್ಥಾನದ ಹಬ್ಬವನ್ನು ಮನೆಯೊಳಗೇ ಆಚರಿಸಿದೆವು. ಆ ವರ್ಷದ ಕ್ರಿಸ್ತ ಜಯಂತಿಗೆ ಮುಖಗವುಸು ಧರಿಸಿ, ದೂರದೂರ ಕುಳಿತು, ದನಿಯೆತ್ತಲು ಅಂಜುತ್ತ ಹಾಡಿದೆವು. ಅದುವರೆಗೆ ಪೂಜೆಗೆ ತಡವಾಗಿ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದವರೂ ಒಟ್ಟಾಗಿ ಹಾಡುವ ಸುಖವೇನೆಂಬುದನ್ನು ಆಗ ಅರಿತರು. ಬಲವಂತದ ಮೌನ ತನ್ನಷ್ಟಕ್ಕೆ ತಾನೇ ಪ್ರಾರ್ಥನೆಯಾಗುವುದಿಲ್ಲ. ಜಕರೀಯರು ಮಾಡಿದಂತೆ ಅದನ್ನು ದೇವರ ಕಡೆಗೆ ತಿರುಗಿಸಿದಾಗಲೇ ಅದು ಫಲ ಕೊಡುತ್ತದೆ. ಆ ವರ್ಷ ನಾವು ಕಲಿತುದನ್ನು ಇಷ್ಟು ಬೇಗ ಮರೆತೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಸಂತ ಜೋಸೆಫರನ್ನು ನೆನೆಯದೆ ಮೌನದ ವಿಚಾರ ಮುಗಿಯಲಾರದು. ನಾಲ್ಕು ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಕನಸಿನಲ್ಲಿ ಕೇಳಿದರು, ಎದ್ದರು, ಮಾಡಿದರು. ಅವರ ಪಾಲಿಗೆ ಮೌನವೆಂದರೆ ಕೈಕಟ್ಟಿ ಕೂರುವುದಲ್ಲ. ತಾಯಿಯನ್ನೂ ಮಗುವನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಡುವುದು. 1964ರ ಜನವರಿ 5ರಂದು ಜಗದ್ಗುರು ಆರನೆಯ ಪೌಲರು ನಜರೇತಿಗೆ ಯಾತ್ರೆ ಹೋಗಿದ್ದಾಗ, ಆ ಪವಿತ್ರ ಕುಟುಂಬ ನಮಗೆ ಕಲಿಸುವ ಪಾಠಗಳನ್ನು ಎಣಿಸುತ್ತ ಮೊದಲು ಹೇಳಿದುದು ಮೌನವನ್ನು. ಬಳಿಕ ಕುಟುಂಬ ಜೀವನ, ದುಡಿಮೆ. ಈ ಮೂರನ್ನು ಬೇರ್ಪಡಿಸಲಾಗದು. ಮನೆಯಲ್ಲಿ ಮೌನವಿಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು.

ಇನ್ನು ಗೋದಲಿಯ ವಿಚಾರ. ನಮ್ಮ ಮನೆಮನೆಯಲ್ಲೂ ಗೋದಲಿ ಕಟ್ಟುವ ಸಂಪ್ರದಾಯಕ್ಕೆ ಬೆಳಕು ಕೊಟ್ಟವರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ತ ಜಯಂತಿಯ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಇದನ್ನು ಏರ್ಪಡಿಸಿದರು. ಬೆತ್ಲೆಹೇಮಿನ ಶಿಶು ಅನುಭವಿಸಿದ ಕೊರತೆಗಳನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಯಕೆ. ಅಲ್ಲಿದ್ದುದು ಒಂದು ಗೋದಲಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟೇ. ಮುನ್ನೂರು ಬಣ್ಣದ ದೀಪಗಳಿರಲಿಲ್ಲ, ತಿರುಗುವ ಬೊಂಬೆಗಳಿರಲಿಲ್ಲ. ಸುತ್ತಲಿನ ಹಳ್ಳಿಗಳ ಜನ ಪಂಜು, ಮೇಣದ ಬತ್ತಿಗಳನ್ನು ಹಿಡಿದು ಬಂದರು. ಸಹೋದರ ಸನ್ಯಾಸಿಗಳ ಹಾಡಿಗೆ ಕಾಡೆಲ್ಲ ಮಾರ್ದನಿಗೊಟ್ಟಿತು. ಆ ಹಾಡಿನ ನಡುವೆ ಸಂತರು ಗೋದಲಿಯ ಮುಂದೆ ನಿಟ್ಟುಸಿರಿಡುತ್ತ, ಆನಂದಪರವಶರಾಗಿ ನಿಂತಿದ್ದರೆಂದು ಅವರ ಚರಿತ್ರೆಯನ್ನು ಮೊದಲು ಬರೆದ ಚೆಲಾನೊದ ಥಾಮಸರು ಹೇಳುತ್ತಾರೆ. ಬಳಿಕ ಡೀಕನ್ ದೀಕ್ಷೆ ಪಡೆದಿದ್ದ ಸಂತರೇ ಶುಭಸಂದೇಶವನ್ನು ಹಾಡಿದರು, ಪ್ರಬೋಧನೆ ಮಾಡಿದರು.

ಆ ರಾತ್ರಿ ಅಲ್ಲಿದ್ದ ಒಬ್ಬ ಭಕ್ತನಿಗೆ ಒಂದು ದರ್ಶನವಾಯಿತೆಂದೂ ಥಾಮಸರು ಬರೆದಿದ್ದಾರೆ. ಗೋದಲಿಯಲ್ಲಿ ಒಂದು ಮಗು ಜೀವವಿಲ್ಲದಂತೆ ಮಲಗಿತ್ತು. ಸಂತ ಫ್ರಾನ್ಸಿಸರು ಹತ್ತಿರ ಬಂದಾಗ ಗಾಢನಿದ್ರೆಯಿಂದ ಎಚ್ಚೆತ್ತಂತೆ ಕಂಡಿತು. ಜನರ ಹೃದಯಗಳಲ್ಲಿ ಮರೆತುಹೋಗಿದ್ದ ಯೇಸು ಸಂತರ ಮೂಲಕ ಮತ್ತೆ ಎಚ್ಚರಗೊಂಡರೆಂಬುದು ಥಾಮಸರು ಅದಕ್ಕೆ ಹೇಳುವ ಅರ್ಥ. ಗೋದಲಿಯ ಪರೀಕ್ಷೆ ಇದೇ ಅಲ್ಲವೇ? 2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ಹೋಗಿ, ಗೋದಲಿಯ ಅರ್ಥವನ್ನೂ ಬೆಲೆಯನ್ನೂ ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಹಾಕಿ, ಈ ಸಂಪ್ರದಾಯವನ್ನು ಮನೆಗಳಲ್ಲಿ ಉಳಿಸಿಕೊಳ್ಳಿರೆಂದು ಪ್ರೋತ್ಸಾಹಿಸಿದರು. ನಾವು ಉಳಿಸಿಕೊಂಡಿದ್ದೇವೆ. ಆದರೆ ಸಂತ ಲೂಕರು ಹೇಳಿದ ಮೂರು ಬಗೆಯ ಜನರಲ್ಲಿ ನಾವು ಯಾರು? ಮೊದಲನೆಯವರು ಬೆರಗಾದರು. ಅಷ್ಟೇ. ಅವರ ಕಥೆ ಅಲ್ಲಿಗೆ ಮುಗಿಯಿತು. ಗೋದಲಿಯ ಮುಂದೆ ನಿಂತು ಮೊಬೈಲ್‌ನಲ್ಲಿ ಚಿತ್ರ ತೆಗೆದು, ಪಕ್ಕದ ಊರಿನ ಗೋದಲಿಗಿಂತ ಇದು ದೊಡ್ಡದೇ ಚಿಕ್ಕದೇ ಎಂದು ಅಳೆದು ಹೊರಟುಹೋದರೆ ನಾವೂ ಬೆರಗಾದವರ ಸಾಲಿಗೆ ಸೇರುತ್ತೇವೆ. ಮಾತೆಯ ಸಾಲಿಗೂ ಅಲ್ಲ, ಕುರಿಗಾಹಿಗಳ ಸಾಲಿಗೂ ಅಲ್ಲ.

ನಮ್ಮ ಮೈದಾನ ಸೀಮೆಯ ಮನೆಗಳಲ್ಲಿ ಹಬ್ಬಕ್ಕೆ ಹಲವು ದಿನ ಮುಂಚೆಯೇ ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ, ಆ ಹಸಿರು ಪೈರನ್ನು ಗೋದಲಿಯ ಮುಂದಿಡುವ ವಾಡಿಕೆಯುಂಟು. ಆಗಮನ ಕಾಲವೆಂದರೆ ಏನೆಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಬೀಜ ಮೊಳೆಯುವ ಸದ್ದನ್ನು ಯಾರೂ ಕೇಳಿಲ್ಲ. ಪ್ರತಿದಿನ ನೀರು ಚಿಮುಕಿಸಬೇಕು, ಕೆದಕಿ ನೋಡಬಾರದು, ಕಾಯಬೇಕು. ಹಬ್ಬದ ರಾತ್ರಿ ಹಸಿರು ಕಾಣಬೇಕಾದರೆ ಮೊದಲೇ ಬಿತ್ತಿರಬೇಕು.

ಧರ್ಮಸಭೆಯ ಪೂಜಾವಿಧಿಯೂ ಇದನ್ನೇ ಕಲಿಸುತ್ತದೆ. ಆಗಮನ ಕಾಲದ ಭಾನುವಾರಗಳಲ್ಲಿ ನಾವು ಮಹಿಮಾಗೀತೆಯನ್ನು ಹಾಡುವುದಿಲ್ಲ. ದೇವದೂತರು ಬೆತ್ಲೆಹೇಮಿನಲ್ಲಿ ಹಾಡಿದ ಆ ಗೀತೆಯನ್ನು ಬಾಯಲ್ಲಿ ತಡೆದಿಟ್ಟುಕೊಂಡು, ಕ್ರಿಸ್ತ ಜಯಂತಿಯ ರಾತ್ರಿ ಗಂಟೆ ಬಾರಿಸಿ ಹಾಡುತ್ತೇವೆ. ಹಸಿದವನಿಗೆ ಊಟದ ರುಚಿ ತಿಳಿಯುವಂತೆ, ತಡೆದುಕೊಂಡವರಿಗೆ ಆ ಹಾಡಿನ ರುಚಿ ತಿಳಿಯುತ್ತದೆ. ಅದೇ ಪೂಜೆಯಲ್ಲಿ ಇನ್ನೊಂದು ವಿಶೇಷವಿದೆ. ವಿಶ್ವಾಸ ಪ್ರಮಾಣದಲ್ಲಿ ದೇವಪುತ್ರರು ಮನುಷ್ಯರಾದ ವಿಷಯವನ್ನು ಹೇಳುವಾಗ ಬೇರೆ ದಿನಗಳಲ್ಲಿ ತಲೆಬಾಗುತ್ತೇವೆ. ಕ್ರಿಸ್ತ ಜಯಂತಿಯಂದು ಮತ್ತು ಮಾರ್ಚ್ 25ರ ಮಂಗಳವಾರ್ತೆಯ ಮಹೋತ್ಸವದಂದು ಮಾತ್ರ ಮೊಣಕಾಲೂರುತ್ತೇವೆ. ವರ್ಷದ ಅತ್ಯಂತ ಸಂತೋಷದ ರಾತ್ರಿಯಲ್ಲಿ, ಹಾಡಿನ ಭರದಲ್ಲಿ, ಇಡೀ ಸಭೆ ಒಮ್ಮೆಗೇ ನೆಲಕ್ಕೆ ಬಾಗಬೇಕು. ಆ ಕ್ಷಣವನ್ನು ನಾವು ಎಷ್ಟು ಅವಸರದಿಂದ ದಾಟಿಬಿಡುತ್ತೇವೆ!

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿತು. ಅದರ ಫಲವಾಗಿಯೇ, ಲತೀನಿನಲ್ಲಿ ಕೇಳುತ್ತಿದ್ದ ಪೂಜೆಯನ್ನು ನಾವು ನಮ್ಮ ಕನ್ನಡದಲ್ಲಿ ಆಚರಿಸುವಂತಾಯಿತು. ಜನರು ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂಬುದು ಆ ಸಂವಿಧಾನದ ಆಶಯ. ಅದರ 30ನೆಯ ಪರಿಚ್ಛೇದವನ್ನು ಓದಿದರೆ ಪ್ರತ್ಯುತ್ತರ, ಕೀರ್ತನೆ, ಹಾಡುಗಳನ್ನು ಪ್ರೋತ್ಸಾಹಿಸಬೇಕೆಂದು ಹೇಳುತ್ತದೆ. ತರುಣರು ಇದನ್ನು ತೋರಿಸಿ ಹಿರಿಯರೊಡನೆ ವಾದಿಸಬಹುದು. ಆದರೆ ಅದೇ ಪರಿಚ್ಛೇದದ ಕೊನೆಯಲ್ಲಿ, ತಕ್ಕ ಸಮಯಗಳಲ್ಲಿ ಪವಿತ್ರ ಮೌನವನ್ನೂ ಪಾಲಿಸಬೇಕೆಂದಿದೆ. ಹಿರಿಯರು ಅದನ್ನು ತೋರಿಸಬಹುದು. ಪಿತೃಗಳು ಎರಡನ್ನೂ ಒಂದೇ ಪರಿಚ್ಛೇದದಲ್ಲಿಟ್ಟಿದ್ದಾರೆ. ನಾವು ಅದನ್ನು ಹರಿದು ಅರ್ಧರ್ಧ ಹಂಚಿಕೊಳ್ಳಬಾರದು.

ಸಹೋದರ ಸಹೋದರಿಯರೇ, ಈಗ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಹಬ್ಬದ ದಿನ ಹಾಡಲಾರದವರೂ ನಮ್ಮ ನಡುವೆ ಇರುತ್ತಾರೆ. ಈ ವರ್ಷ ಗಂಡನನ್ನು ಕಳೆದುಕೊಂಡವಳು, ಮಗನನ್ನು ಮಣ್ಣಿಗೆ ಕೊಟ್ಟ ತಾಯಿ, ಕೆಲಸ ಹೋಗಿ ಮಕ್ಕಳಿಗೆ ಹೊಸ ಬಟ್ಟೆ ತರಲಾಗದ ತಂದೆ, ಆಸ್ಪತ್ರೆಯಿಂದ ನೇರವಾಗಿ ಪೂಜೆಗೆ ಬಂದವರು. ಸಾವಾದ ವರ್ಷ ಹಬ್ಬ ಮಾಡದಿರುವ ವಾಡಿಕೆ ನಮ್ಮ ಊರುಗಳಲ್ಲಿದೆ. ಆ ಮನೆಯಲ್ಲಿ ಕಜ್ಜಾಯ ಸುಡುವುದಿಲ್ಲ, ನಕ್ಷತ್ರ ಕಟ್ಟುವುದಿಲ್ಲ. ಬೀದಿಯೆಲ್ಲ ಬೆಳಗುವಾಗ ಒಂದು ಬಾಗಿಲು ಕತ್ತಲೆಯಲ್ಲಿರುತ್ತದೆ. ಹಬ್ಬವೆಂದರೆ ಬರೀ ಸದ್ದು ಎಂದಾದರೆ ಆ ಮನೆಯವರಿಗೆ ನಮ್ಮ ಹಬ್ಬದಲ್ಲಿ ಸ್ಥಳವಿಲ್ಲ. ಛತ್ರದಲ್ಲಿ ಸ್ಥಳವಿಲ್ಲದೆ ಹುಟ್ಟಿದವರ ಹುಟ್ಟುಹಬ್ಬದಲ್ಲಿಯೇ ದುಃಖಿತರಿಗೆ ಸ್ಥಳವಿಲ್ಲದಂತಾಗುತ್ತದೆ.

ಧರ್ಮಸಭೆ ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮ. ಕ್ರಿಸ್ತ ಜಯಂತಿಯ ಮರುದಿನ, ಡಿಸೆಂಬರ್ 26ರಂದು, ಕಲ್ಲೇಟಿನಿಂದ ಪ್ರಾಣಬಿಟ್ಟ ಸಂತ ಸ್ತೇಫನರ ಹಬ್ಬ. 27ರಂದು ಶಿಲುಬೆಯ ಅಡಿಯಲ್ಲಿ ನಿಂತಿದ್ದ ಸಂತ ಯೊವಾನ್ನರ ಹಬ್ಬ. 28ರಂದು ಹೆರೋದನ ಕತ್ತಿಗೆ ಬಲಿಯಾದ ನಿರಪರಾಧಿ ಶಿಶುಗಳ ಹಬ್ಬ. ಸಿಹಿತಿಂಡಿಯ ಡಬ್ಬಿ ಖಾಲಿಯಾಗುವ ಮೊದಲೇ ಬೆತ್ಲೆಹೇಮಿನ ತಾಯಂದಿರ ಅಳಲನ್ನು ಧರ್ಮಸಭೆ ನಮ್ಮ ಕಿವಿಗೆ ತರುತ್ತದೆ. ಹಬ್ಬವನ್ನು ಕೆಡಿಸುವುದಕ್ಕಲ್ಲ, ನಮ್ಮ ಸಂತೋಷ ಎಷ್ಟು ಆಳವಾದುದೆಂದು ತೋರಿಸುವುದಕ್ಕೆ. ದೇವರು ಮನುಷ್ಯರಾದುದು ನಗುವ ಮನೆಗೆ ಮಾತ್ರ ಬರುವುದಕ್ಕಲ್ಲ. ಅಳುವವನ ಪಕ್ಕದಲ್ಲಿ ಕೂರಬಲ್ಲ ಸಂತೋಷವೇ ಕ್ರೈಸ್ತ ಸಂತೋಷ. ಮರಿಯಮ್ಮನವರ ಸ್ತುತಿಗೀತೆಯಲ್ಲಿ ದೀನರನ್ನು ಮೇಲೆತ್ತಿದ, ಹಸಿದವರನ್ನು ತೃಪ್ತಿಪಡಿಸಿದ ದೇವರ ವರ್ಣನೆಯಿದೆಯೆಂಬುದನ್ನು ಮರೆಯದಿರೋಣ. ದೀನರನ್ನು ಮರೆತ ಹಾಡು ಆ ಹಾಡಿನ ವಂಶಕ್ಕೆ ಸೇರಿದ್ದಲ್ಲ.

ಆದುದರಿಂದ ಶತಮಾನೋತ್ಸವದ ಈ ವರ್ಷ ಕೆಲವು ಸಣ್ಣ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಇವು ಹೊಸ ವಿಧಿಗಳಲ್ಲ, ಹಣ ಬೇಡುವ ಯೋಜನೆಗಳೂ ಅಲ್ಲ.

ಮೊದಲನೆಯದು ಮನೆಯಲ್ಲಿ. ಹಬ್ಬದ ಹಿಂದಿನ ಸಂಜೆ ಗೋದಲಿಯಲ್ಲಿ ಬಾಲಯೇಸುವನ್ನಿಡುವ ಮೊದಲು ಮನೆಮಂದಿಯೆಲ್ಲ ಸೇರಿ ಐದು ನಿಮಿಷ ಸುಮ್ಮನಿರಿ. ಟಿವಿ, ಮೊಬೈಲ್‌ಗಳೂ ಸುಮ್ಮನಿರಲಿ. ಆ ವರ್ಷ ಮನೆಯಲ್ಲಿ ಆದ ಒಳಿತನ್ನೂ ಕೆಡುಕನ್ನೂ ಒಬ್ಬೊಬ್ಬರೂ ಮನಸ್ಸಿನಲ್ಲಿ ಜೋಡಿಸಲಿ. ಬಳಿಕ ಮನೆಯ ಹಿರಿಯರು ಸಂತ ಲೂಕರ ಎರಡನೆಯ ಅಧ್ಯಾಯವನ್ನು ಓದಲಿ, ಕಿರಿಯರು ಹಾಡನ್ನು ಎತ್ತಿಕೊಳ್ಳಲಿ.

ಎರಡನೆಯದು ದೇವಾಲಯದಲ್ಲಿ. ವಿಶ್ವಾಸ ಪ್ರಮಾಣದ ನಡುವೆ ಮೊಣಕಾಲೂರಿದಾಗ ಅವಸರಪಡದಿರೋಣ. ಪರಮ ಪ್ರಸಾದದ ನಂತರ ಗಾನವೃಂದ ಒಂದು ಹಾಡು ಕಡಿಮೆ ಹಾಡಲಿ. ಆ ಹೊತ್ತು ಯೇಸುಸ್ವಾಮಿಗೂ ನಮಗೂ ಮೀಸಲಾಗಿರಲಿ. ಇದಕ್ಕೆ ಪ್ರತಿಯಾಗಿ ಹಿರಿಯರಲ್ಲಿ ನನ್ನ ಬಿನ್ನಹ: ಮಹಿಮಾಗೀತೆ ಮೊಳಗಿದಾಗ ತುಟಿ ಬಿಗಿದು ನಿಲ್ಲಬೇಡಿ. ದನಿ ನಡುಗಿದರೂ ಸರಿ, ಹಾಡಿ. ನಿಮ್ಮ ಮೊಮ್ಮಕ್ಕಳು ಅದನ್ನು ಕೇಳಬೇಕು. ಹಾಡುವ ಅಜ್ಜಿಯನ್ನು ಕಂಡ ಮಗು ಪ್ರಾರ್ಥಿಸುವ ಅಜ್ಜಿಯ ಮಾತನ್ನೂ ಕೇಳುತ್ತದೆ.

ಮೂರನೆಯದು ಬೀದಿಯಲ್ಲಿ. ಮನೆಮನೆಗೆ ಹೋಗುವ ಕ್ಯಾರೋಲ್ ತಂಡದ ತರುಣ ತರುಣಿಯರಿಗೆ ಈ ಮಾತು. ಸಾವಾದ ಮನೆ ಬಂದಾಗ ನೀವು ಏನು ಮಾಡುತ್ತೀರಿ? ಸಾಮಾನ್ಯವಾಗಿ ತಮಟೆ ನಿಲ್ಲಿಸಿ ಮುಂದಿನ ಮನೆಗೆ ಹೋಗಿಬಿಡುತ್ತೀರಿ. ಅದು ಗೌರವವೆಂದೇ ನೀವು ತಿಳಿದಿದ್ದೀರಿ, ನಿಜ. ಆದರೆ ಒಳಗಿರುವವರಿಗೆ ಬಾಗಿಲು ದಾಟಿಹೋದ ಹೆಜ್ಜೆಗಳ ಸದ್ದು ಕೇಳಿಸುತ್ತದೆ. ಈ ಸಲ ದಾಟಿಹೋಗಬೇಡಿ. ವಾದ್ಯಗಳನ್ನು ಕೆಳಗಿಡಿ. ಅಂಗಳದಲ್ಲಿ ಎರಡು ನಿಮಿಷ ಮೌನವಾಗಿ ನಿಲ್ಲಿ. ಅಗಲಿದವರಿಗಾಗಿ ಒಂದು ಪ್ರಾರ್ಥನೆ ಹೇಳಿ. ಮನೆಯವರು ಬಯಸಿದರೆ ಮಾತ್ರ ಮೆಲುದನಿಯಲ್ಲಿ ಒಂದು ಹಾಡು. ಆ ಮನೆಯಲ್ಲಿ ತಿಂಡಿ ಮಾಡಿಲ್ಲವೆಂಬುದನ್ನು ನೆನಪಿಟ್ಟು, ನೆರೆಯವರು ಒಂದು ತಟ್ಟೆ ಕಳುಹಿಸಲಿ. ಕರಾವಳಿಯ ಕ್ರೈಸ್ತರ ಮನೆಗಳಿಂದ ಕುಸ್ವಾರ್ ತಟ್ಟೆ ಜಾತಿಮತ ನೋಡದೆ ನೆರೆಮನೆಗಳಿಗೆ ಹೋಗುವಂತೆ, ನಮ್ಮ ಕಜ್ಜಾಯದ ತಟ್ಟೆ ಮೊದಲು ಕತ್ತಲೆಯಲ್ಲಿರುವ ಬಾಗಿಲಿಗೆ ಹೋಗಲಿ. ಹಾಗೆಯೇ ಧ್ವನಿವರ್ಧಕದ ವಿಷಯ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅದಕ್ಕೆ ನಿರ್ಬಂಧವಿರುವುದು 2000ದ ಶಬ್ದಮಾಲಿನ್ಯ ನಿಯಮಗಳಿಂದ. ನಿಯಮವಿರಲಿ, ವಿನಾಯಿತಿ ಸಿಗಲಿ, ನಮ್ಮ ನೆರೆಯ ಹಿಂದೂ ಮುಸಲ್ಮಾನ ಬಂಧುಗಳ ಮನೆಯಲ್ಲೂ ಮಲಗಿರುವ ಶಿಶುಗಳಿವೆ ಎಂಬುದೇ ನಮಗೆ ಸಾಕಷ್ಟು ಕಾರಣ.

ಕೊನೆಯದಾಗಿ ಶತಮಾನೋತ್ಸವದ ಬಗ್ಗೆ ಒಂದು ಮಾತು. ಸ್ಮರಣ ಸಂಚಿಕೆಗಳಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ದಾನಿಗಳ ಪಟ್ಟಿ, ಕಟ್ಟಡಗಳ ಚಿತ್ರಗಳು ಬರುತ್ತವೆ. ಬರಬೇಕಾದುದೇ. ಅದು ಸ್ತುತಿಯ ಭಾಗ. ಆದರೆ ಯಾವ ಪಟ್ಟಿಗೂ ಸೇರದವರು ಎಷ್ಟೋ ಮಂದಿ. ಅಡಿಪಾಯಕ್ಕೆ ಕಲ್ಲು ಹೊತ್ತವರು, ಮುಂಜಾನೆಯ ಚಳಿಯಲ್ಲಿ ಬಂದು ದೇವಾಲಯ ಗುಡಿಸಿದವರು, ಮಕ್ಕಳಿಗೆ ಜಪ ಕಲಿಸಿದ ಉಪದೇಶಿಗಳು, ಒಂದು ಹೊತ್ತಿನ ಕೂಲಿಯನ್ನು ಕಾಣಿಕೆಯ ಪೆಟ್ಟಿಗೆಗೆ ಹಾಕಿ ಯಾರಿಗೂ ಹೇಳದವರು. ಅವರ ಮೌನವೇ ಈ ದೇವಾಲಯದ ಕೆರೆಯನ್ನು ತುಂಬಿಸಿದ್ದು. ಇಂದು ನಾವು ಆಚರಿಸುತ್ತಿರುವ ಉತ್ಸವ ಅದರ ಕೋಡಿ. ಕೋಡಿಯನ್ನು ಕಂಡು ನಲಿಯೋಣ. ಆದರೆ ಕೆರೆಗೆ ನೀರು ಬರುವ ಕಾಲುವೆಗಳಲ್ಲಿ ಹೂಳು ತುಂಬದಂತೆ ನೋಡಿಕೊಳ್ಳೋಣ. ಮುಂದಿನ ನೂರು ವರ್ಷಗಳ ಜನರಿಗೂ ನೀರು ಬೇಕು.

ಸಂತ ಲೂಕರ ಕಥೆಯಲ್ಲಿ ಕುರಿಗಾಹಿಗಳು ಹಾಡುತ್ತ ಹಿಂದಿರುಗಿದರು. ಎಲ್ಲಿಗೆ? ತಮ್ಮ ಮಂದೆಯ ಬಳಿಗೆ, ಅದೇ ಹೊಲಕ್ಕೆ, ಅದೇ ಕಾವಲಿಗೆ. ಅವರ ಕಷ್ಟ ತೀರಲಿಲ್ಲ, ಚಳಿ ಹೋಗಲಿಲ್ಲ. ಆದರೂ ಆ ರಾತ್ರಿಯ ನಂತರ ಅವರ ಮೌನದಲ್ಲೂ ಒಂದು ಹಾಡಿತ್ತೆಂದು ನಾನು ನಂಬುತ್ತೇನೆ. ಈ ವರ್ಷದ ಕ್ರಿಸ್ತ ಜಯಂತಿಯ ಪೂಜೆ ಮುಗಿಸಿ ಹೊರಡುವಾಗ ನಾವೂ ನಮ್ಮ ಹೊಲಕ್ಕೆ, ಕಾರ್ಖಾನೆಗೆ, ಕಚೇರಿಗೆ, ಅಡುಗೆಮನೆಗೆ ಹಿಂದಿರುಗುತ್ತೇವೆ. ಮಾತೆಯ ಮನನ ನಮ್ಮ ಹೃದಯದಲ್ಲಿರಲಿ, ಕುರಿಗಾಹಿಗಳ ಸ್ತುತಿ ನಮ್ಮ ನಾಲಗೆಯ ಮೇಲಿರಲಿ. ಗೋದಲಿಯಲ್ಲಿ ಮೌನವಾಗಿ ಮಲಗಿದ ದಿವ್ಯವಾಕ್ಯವೇ ಆದ ಪ್ರಭು ಯೇಸು ನಿಮ್ಮ ಮನೆಗಳನ್ನೂ ಈ ಧರ್ಮಕೇಂದ್ರವನ್ನೂ ಹರಸಲಿ.